ಎಲ್ಲವೂ 26 ಇಂಚು ಅಂತಾರೆ, ಒಂದರ ಟೈರು ಇನ್ನೊಂದಕ್ಕೆ ಯಾಕೆ ಕೂರಲ್ಲ?

ಪ್ರಶ್ನೆ: ಮಂಡ್ಯದ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ಪಿಯುಸಿ ಓದುತ್ತಿದ್ದಾಳೆ, ಕಾಲೇಜಿಗೆ ಸೈಕಲ್ಲಲ್ಲೇ ಹೋಗಿ ಬರುತ್ತಾಳೆ. ಲೇಡೀಸ್ ಸೈಕಲ್ಲು, ಮೊದಲು ನಮ್ಮ ಅಕ್ಕನ ಮಗಳದ್ದು. ಹಿಂದಿನ ಟೈರು ಸವೆದು ಒಳಗಿನ ದಾರ ಕಾಣಿಸುತ್ತಿದೆ. ಹೊಸದು ಹಾಕಿಸೋಣ ಅಂತ ಗುತ್ತಲು ರೋಡ್ ಕಡೆ ವಿಚಾರಿಸಿದೆ. ಒಂದು ಅಂಗಡಿಯಲ್ಲಿ "26 ತಾನೇ, ತಗೊಳ್ಳಿ" ಅಂತ 26 × 1.95 ತೆಗೆದುಕೊಟ್ಟರು. ಅದು ನೋಡೋಕೇ ದಪ್ಪ, ನಮ್ಮ ಮಡ್‌ಗಾರ್ಡಿನ ಒಳಗೆ ತಿರುಗೋ ಹಾಗೇ ಇರಲಿಲ್ಲ. ಇನ್ನೊಂದು ಕಡೆ 26 × 1-1/2 ಇತ್ತು. "ಸ್ವಲ್ಪ ಎಳೆದು ಹಾಕಿದರೆ ಕೂರುತ್ತೆ" ಅಂದರು. ನಮ್ಮ ಟೈರಿನ ಮೇಲೆ 26 × 1-3/8 ಅಂತ ಮಸುಕಾಗಿ ಕಾಣುತ್ತದೆ.

ಇನ್ನೂ ಯಾವುದನ್ನೂ ಕೊಂಡಿಲ್ಲ. ಮೂರೂ 26 ಇಂಚೇ ಅಂದಮೇಲೆ ವ್ಯತ್ಯಾಸ ಬರೀ ದಪ್ಪದ್ದಾ? ಇನ್ನೊಂದು ವಿಷಯ. ತಮ್ಮನ ಸೈಕಲ್ಲಿನ ಟೈರಿನ ಮೇಲೆ 700 × 35ಸಿ ಅಂತಿದೆ. ಅದನ್ನು ಅವನು 28 ಅಂತಾನೆ. ಅಪ್ಪನ ಹಳೇ ಸೈಕಲ್ಲೂ 28. ಅವೆರಡೂ ಒಂದೇನಾ?

ಉತ್ತರ: ಕುಕ್ಕರಹಳ್ಳಿ ಏರಿ, ಮೈಸೂರು

ಮೇಡಂ, ಕೊಳ್ಳೋಕೆ ಮುಂಚೆ ಕೇಳಿದ್ದು ಒಳ್ಳೆಯದಾಯಿತು. ಆ ಮೂರೂ ಬೇರೆ ಬೇರೆ ರಿಮ್ಮಿನ ಟೈರುಗಳು. ದಪ್ಪ ಒಂದೇ ಅಲ್ಲ, ಒಳಸುತ್ತೇ ಬೇರೆ.

ನಮ್ಮ ಬಡಾವಣೆಯ ಮಕ್ಕಳ ಸೈಕಲ್‌ಗಳನ್ನೆಲ್ಲ ಮನೆ ಮುಂದೆ ನಾನೇ ರಿಪೇರಿ ಮಾಡಿಕೊಡುತ್ತೇನೆ. ಅಲ್ಲಿ ಅತಿ ಹೆಚ್ಚು ದುಡ್ಡು ದಂಡ ಆಗೋದು ಇದೇ 26 ಅನ್ನೋ ಅಂಕಿಯಿಂದ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

26 ಇಂಚು ಅನ್ನೋದು ರಿಮ್ಮಿನ ಅಳತೆ ಅಲ್ಲ. ಟೈರು ಹಾಕಿ ಗಾಳಿ ಹೊಡೆದ ಮೇಲೆ ಇಡೀ ಚಕ್ರ ಹೊರಗಿನಿಂದ ಎಷ್ಟು ಅಗಲ ಬರುತ್ತದೆ ಅನ್ನೋದಕ್ಕೆ ಇಟ್ಟ ಹಳೇ ಹೆಸರು. 26 ಇಂಚು ಅಂದರೆ ಸುಮಾರು 660 ಮಿ.ಮೀ. ಈಗ ಲೆಕ್ಕ ನೋಡಿ. ನಿಮ್ಮ 1-3/8 ಟೈರು 35 ಮಿ.ಮೀ. ದಪ್ಪ. ಮೇಲೊಂದು ಕೆಳಗೊಂದು ಸೇರಿ 70. ಉಳಿದದ್ದು 590. ಅಂಗಡಿಯವರು ತೋರಿಸಿದ 1-1/2 ಟೈರು 38 ದಪ್ಪ, ಎರಡು ಸೇರಿ 76. ಉಳಿದದ್ದು 584. ಮೊದಲ ಅಂಗಡಿಯ 1.95, ಅಂದರೆ ಬೆಟ್ಟಗುಡ್ಡದ ಸೈಕಲ್ಲಿನ ಟೈರು, ಸುಮಾರು 50 ದಪ್ಪ, ಅದರ ರಿಮ್ಮು 559. ಹೊರಗಿನಿಂದ ಅಳೆದರೆ ಮೂರೂ 26 ಇಂಚೇ. ಒಳಗಡೆ ಮಾತ್ರ 590, 584, 559. ಬಳೆ ಕೊಳ್ಳುವಾಗ ಒಳಗಿನ ಅಳತೆ ಕೇಳುತ್ತೇವೆ ಅಲ್ವಾ? ಟೈರಿಗೂ ಅದನ್ನೇ ಕೇಳಬೇಕು.

ಆ ಒಳಗಿನ ಅಳತೆ ಟೈರಿನ ಮೇಲೇ ಇರುತ್ತದೆ. ಐಎಸ್‌ಒ 5775 ಅನ್ನೋ ಅಂತಾರಾಷ್ಟ್ರೀಯ ಮಾನಕದ ಪ್ರಕಾರ ಬರೆಯೋದು, 37-590 ಅನ್ನೋ ತರಹ. ಮೊದಲನೆಯದು ಟೈರಿನ ದಪ್ಪ. ಎರಡನೆಯದು ಟೈರಿನ ಅಂಚಿನ ತಂತಿ ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ. ಎರಡೂ ಮಿ.ಮೀ. ಲೆಕ್ಕ. ದಪ್ಪ ಸ್ವಲ್ಪ ಹೆಚ್ಚುಕಡಿಮೆ ಆದರೆ ನಡೆಯುತ್ತದೆ. ಎರಡನೇ ಅಂಕಿಯಲ್ಲಿ ಒಂದು ಮಿ.ಮೀ. ಕೂಡ ಬಿಟ್ಟುಕೊಡೋ ಹಾಗಿಲ್ಲ.

ಟೈರು ಹಳೆಯದಾಗಿ ಅಕ್ಷರ ಮಸುಕಾಗಿದ್ದರೆ ಪಕ್ಕವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗೋಕೆ ಬಿಡಿ. ಆಮೇಲೆ ಚಾಕ್‌ಪೀಸನ್ನು ಮಲಗಿಸಿ ಉಜ್ಜಿ. ಉಬ್ಬಿದ ಅಕ್ಷರಗಳಿಗೆ ಮಾತ್ರ ಬಿಳಿ ಹತ್ತುತ್ತದೆ. ಸೈಕಲ್ಲನ್ನು ಬಿಸಿಲಿಗೆ ಓರೆಯಾಗಿ ಹಿಡಿದು ಓದಿ.

"ಎಳೆದು ಹಾಕಿದರೆ ಕೂರುತ್ತೆ" ಅಂದವರ ಮಾತು ಕೇಳಬೇಡಿ. ಟೈರಿನ ಅಂಚಿನಲ್ಲಿರೋದು ಉಕ್ಕಿನ ತಂತಿ, ರಬ್ಬರಿನ ಹಾಗೆ ಹಿಗ್ಗಲ್ಲ. 584 ಟೈರನ್ನು 590 ರಿಮ್ಮಿಗೆ ಮೀಟಿ ಮೀಟಿ ಹತ್ತಿಸೋಕೆ ಹೋದರೆ ತಂತಿ ಹಾಳಾಗುತ್ತದೆ, ಟ್ಯೂಬು ಕಚ್ಚಿಕೊಳ್ಳುತ್ತದೆ. ಇದಕ್ಕಿಂತ ಅಪಾಯ ಇದರ ಉಲ್ಟಾ ಆದಾಗ. 590 ಟೈರು 584 ರಿಮ್ಮಿಗೆ ಕೈಯಲ್ಲೇ ಸಲೀಸಾಗಿ ಹತ್ತುತ್ತದೆ. ಹಾಕಿದವರಿಗೆ ಖುಷಿ. ಗಾಳಿ ಜಾಸ್ತಿ ಆದಾಗ ಅಥವಾ ತಿರುವಿನಲ್ಲಿ ಅಂಚು ರಿಮ್ಮಿನಿಂದ ಆಚೆ ಬಂದು ಟ್ಯೂಬು ಸಿಡಿಯುತ್ತದೆ. ಮಕ್ಕಳು ಓಡಿಸೋ ಸೈಕಲ್ಲು, ದಯವಿಟ್ಟು ಇದರಲ್ಲಿ ರಾಜಿ ಬೇಡ.

ಭಿನ್ನರಾಶಿ, ದಶಮಾಂಶದ ಗೊಂದಲವನ್ನೂ ಹೇಳಿಬಿಡುತ್ತೇನೆ. ಶಾಲೆಯ ಲೆಕ್ಕದಲ್ಲಿ 1.75, 1-3/4 ಎರಡೂ ಒಂದೇ. ಟೈರಿನಲ್ಲಿ ಅಲ್ಲ. 26 × 1.75 ಅಂದರೆ 559. 26 × 1-3/4 ಅಂದರೆ 571. ಬರೆದ ರೀತಿ ಬೇರೆ ಇದ್ದರೆ ರಿಮ್ಮೂ ಬೇರೆ ಅಂತಲೇ ಇಟ್ಟುಕೊಳ್ಳಿ.

ಉತ್ತರ: ನಾಲೆ ದಾರಿ, ಪಾಂಡವಪುರ

28ರ ಪ್ರಶ್ನೆಗೆ ನಾನು ಹೇಳುತ್ತೇನೆ ಅಕ್ಕಾ. ನಮ್ಮ ಮನೆಯಲ್ಲಿ ಎರಡೂ ಇವೆ. ಅಪ್ಪ ಡೈರಿಗೆ ಹಾಲಿನ ಕ್ಯಾನು ಹಾಕಿಕೊಂಡು ಹೋಗೋದು ಹಳೇ ಕಪ್ಪು ಸೈಕಲ್ಲಲ್ಲಿ. ಮುಂದೆ 32 ಕಡ್ಡಿ, ಹಿಂದೆ 40 ಕಡ್ಡಿ, ಸರಳಿನ ಬ್ರೇಕು. ಅದರ ಟೈರು 28 × 1-1/2, ಅಂದರೆ 635. ನಾನು ನಾಲೆ ಏರಿ ಮೇಲೆ ಓಡಿಸೋದು 700ಸಿ, ಅದು 622. ಹೆಸರು ಎರಡಕ್ಕೂ 28, ಆದರೆ 13 ಮಿ.ಮೀ. ವ್ಯತ್ಯಾಸ. ಅದರದ್ದು ಇದಕ್ಕೆ ಆಗೋ ಮಾತೇ ಇಲ್ಲ.

ಕೆಲವರು ಹಳೇ ಸೈಕಲ್ಲಿಗೆ ತೆಳ್ಳಗಿನ ಚಕ್ರ ಹಾಕಿಸೋಕೆ ಹೊರಡುತ್ತಾರೆ. ಸರಳಿನ ಬ್ರೇಕಿನ ರಬ್ಬರು ರಿಮ್ಮಿನ ಒಳಮೈಗೆ, ಕಡ್ಡಿ ಇರೋ ಕಡೆಗೆ ಒತ್ತುತ್ತದೆ. ಈಗಿನ 700ಸಿ ರಿಮ್ಮಿನಲ್ಲಿ ಅದಕ್ಕೆ ಜಾಗವೇ ಇರಲ್ಲ. ಅಪ್ಪನ ಸೈಕಲ್ಲಿಗೆ 635 ರಿಮ್ಮೇ ಇರಲಿ. ಭಾರ ಹೊರೋಕೆ ಅದೇ ಸರಿ.

ಉತ್ತರ: ಕುಕ್ಕರಹಳ್ಳಿ ಏರಿ, ಮೈಸೂರು

ಸರಿಯಾಗಿ ಹೇಳಿದಿರಿ. 700ಸಿ ಅನ್ನೋದು ಫ್ರೆಂಚರ ಪದ್ಧತಿ. 700 ಅಂದರೆ ಹೊರಗಿನ ಅಂದಾಜು ಅಳತೆ, ಮಿ.ಮೀ.ನಲ್ಲಿ. ಮುಂದಿನ ಅಕ್ಷರ ಆಗಿನ ಟೈರಿನ ದಪ್ಪಕ್ಕೆ. ಎ ತೆಳು, ಸಿ ದಪ್ಪ. ದಪ್ಪ ಟೈರಿಗೆ ಸಣ್ಣ ರಿಮ್ಮು ಬೇಕಾದ್ದರಿಂದ 700ಎ 642, 700ಬಿ 635, 700ಸಿ 622. ಈಗ ಸಿ ರಿಮ್ಮಿಗೆ 25ರ ತೆಳು ಟೈರೂ ಬರುತ್ತದೆ, ಹೆಸರು ಮಾತ್ರ ಹಾಗೇ ಉಳಿದಿದೆ. 29 ಇಂಚು ಅಂತ ಮಾರೋದೂ ಅದೇ 622 ರಿಮ್ಮು, ದಪ್ಪ ಟೈರು ಹಾಕಿರುತ್ತಾರೆ ಅಷ್ಟೇ. 27.5 ಅನ್ನೋದು 584, ಅಂದರೆ ಹಳೇ 26 × 1-1/2ರ ರಿಮ್ಮು. ಇಷ್ಟಾದ ಮೇಲೂ ಇಂಚನ್ನು ನಂಬೋಕೆ ಆಗುತ್ತಾ?

ಉತ್ತರ: ಹೊಸ ಸವಾರ

ಸರ್, ಇಷ್ಟೆಲ್ಲ ಯಾಕೆ? ಹಳೇ ಟೈರನ್ನೇ ಬಿಚ್ಚಿಕೊಂಡು ಹೋಗಿ ಅಂಗಡಿಯಲ್ಲಿ ಪಕ್ಕದಲ್ಲಿಟ್ಟು ನೋಡಿದರೆ ಸಾಕಲ್ವಾ?

ಉತ್ತರ: ಕುಕ್ಕರಹಳ್ಳಿ ಏರಿ, ಮೈಸೂರು

ತಗೊಂಡು ಹೋಗೋದು ಒಳ್ಳೆಯದೇ. ಆದರೆ ಕಣ್ಣಳತೆಗೆ 584, 590 ಎರಡೂ ಒಂದೇ ತರಹ ಕಾಣುತ್ತವೆ, ಆರು ಮಿ.ಮೀ. ಅಷ್ಟೇ ತಾನೇ. ಅದೂ ಅಲ್ಲದೆ, ಸೈಕಲ್ಲು ಕೈ ಬದಲಾಗಿದ್ದರೆ ಈಗಿರೋ ಟೈರೇ ತಪ್ಪು ಅಳತೆಯದ್ದಾಗಿರಬಹುದು. ಅನುಮಾನ ಬಂದರೆ ಟೈರು, ಟ್ಯೂಬು ತೆಗೆದು ತೆಳ್ಳನೆಯ ಬೈಂಡಿಂಗ್ ವೈರನ್ನು ರಿಮ್ಮಿನ ಸುತ್ತ ಒಂದು ಸುತ್ತು ತನ್ನಿ. ಮಧ್ಯದ ಗುಂಡಿಯಲ್ಲಿ ಅಲ್ಲ, ಹೊರಗಿನ ತುದಿಯ ಮೇಲೂ ಅಲ್ಲ. ಟೈರಿನ ಅಂಚು ಕೂರುವ ಮೆಟ್ಟಿಲ ಮೇಲೆ. ದಾರ ಬೇಡ, ಹಿಗ್ಗುತ್ತದೆ. ವೈರನ್ನು ಬಿಡಿಸಿ ಟೇಪಿನಲ್ಲಿ ಅಳೆಯಿರಿ. 1756 ಬಂದರೆ 559. 1835 ಬಂದರೆ 584. 1854 ಬಂದರೆ 590. 1954 ಬಂದರೆ 622. 1995 ಬಂದರೆ 635. ವ್ಯಾಸದಲ್ಲಿ ಆರು ಮಿ.ಮೀ. ಇದ್ದ ವ್ಯತ್ಯಾಸ ಸುತ್ತಳತೆಯಲ್ಲಿ ಹತ್ತೊಂಬತ್ತು ಆಗುತ್ತದೆ, ಅದಕ್ಕೇ ಸುತ್ತು ಅಳೆಯೋದು.

ಮರುಪ್ರಶ್ನೆ: ಮಂಡ್ಯದ ಅಮ್ಮ

ಸರ್, ಚಾಕ್‌ಪೀಸ್ ಉಜ್ಜಿದೆ. 37-590 ಅಂತ ಚೆನ್ನಾಗಿ ಬಂತು. ಮುಂದಿನ ಟೈರಿನಲ್ಲೂ ಅದೇ ಇದೆ. ಟ್ಯೂಬೂ ಹಾಕಿಸಬೇಕು. ಅದಕ್ಕೂ ಇಷ್ಟೇ ಕಟ್ಟುನಿಟ್ಟಾ? ನಮ್ಮದು ಹಳೇ ತರಹದ ವಾಲು, ಒಳಗೆ ಸಣ್ಣ ರಬ್ಬರ್ ಇರುತ್ತಲ್ಲ, ಅದು. ಬೈಕಿನ ತರಹದ್ದು ಹಾಕಿಸಬಹುದಾ?

ಉತ್ತರ: ಕುಕ್ಕರಹಳ್ಳಿ ಏರಿ, ಮೈಸೂರು

ಹಾಗಾದರೆ 590 ಅಂತ ಬರೆದಿರೋ ಟೈರನ್ನೇ ಕೇಳಿ. ದಪ್ಪ 32 ಇದ್ದರೂ ಪರವಾಗಿಲ್ಲ, 37 ಇದ್ದರೆ ಇನ್ನೂ ಒಳ್ಳೆಯದು.

ಟ್ಯೂಬು ಹಿಗ್ಗುತ್ತದೆ, ಅದಕ್ಕೆ ಅಷ್ಟು ಕಟ್ಟುನಿಟ್ಟಿಲ್ಲ. 26 × 1-3/8 ಅಂತ ಇದ್ದರೆ ಸರಿ. ತೀರಾ ದಪ್ಪ ಟೈರಿನದ್ದು ಬೇಡ, ಒಳಗೆ ಮಡಿಚಿಕೊಂಡು ಆ ಮಡಿಕೆಯಲ್ಲೇ ತೂತಾಗುತ್ತದೆ. ಬೈಕಿನ ತರಹದ ವಾಲಿಗೆ ರಿಮ್ಮಿನಲ್ಲಿ ಸುಮಾರು 8.5 ಮಿ.ಮೀ. ತೂತು ಬೇಕು. ನಿಮ್ಮ ಹಳೇ ವಾಲಿನ ತೂತೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಆರಾಮಾಗಿ ಹಾಕಿಸಬಹುದು. ಪೆಟ್ರೋಲ್ ಬಂಕಿನಲ್ಲೂ ಗಾಳಿ ಹಿಡಿಸಬಹುದು. ಆದರೆ ಅಲ್ಲಿ ಗಾಳಿ ಜೋರಾಗಿ ನುಗ್ಗುತ್ತದೆ. ಸ್ವಲ್ಪ ಸ್ವಲ್ಪವೇ ಹಾಕೋಕೆ ಹೇಳಿ, ಟೈರಿನ ಮೇಲೆ ಬರೆದಿರೋ ಒತ್ತಡ ಮೀರಬಾರದು. ತಮ್ಮನ 700ಸಿ ರಿಮ್ಮಿಗೆ ಸಪೂರ ವಾಲು ಇದ್ದರೆ ಅದರ ತೂತು 6.5 ಮಿ.ಮೀ. ಮಾತ್ರ, ಅದಕ್ಕೆ ಬೈಕಿನ ತರಹದ್ದು ಹೋಗಲ್ಲ.

ಟೈರು ಹಾಕಿಸಿದ ಮೇಲೆ ಅರ್ಧ ಗಾಳಿ ಹಿಡಿಸಿ ಚಕ್ರ ತಿರುಗಿಸಿ ನೋಡಿ. ರಿಮ್ಮಿನ ಪಕ್ಕದಲ್ಲೇ ಟೈರಿನ ಸುತ್ತ ಒಂದು ಸಣ್ಣ ಗೆರೆ ಇರುತ್ತದೆ. ಅದು ಎರಡೂ ಬದಿಯಲ್ಲಿ, ಸುತ್ತಲೂ ಒಂದೇ ಸಮ ಕಾಣಬೇಕು. ಎಲ್ಲಾದರೂ ಒಳಗೆ ಹೂತುಕೊಂಡಿದ್ದರೆ ಅಥವಾ ಮೇಲೆದ್ದಿದ್ದರೆ ಗಾಳಿ ಬಿಟ್ಟು ಕೈಯಲ್ಲಿ ಸರಿಮಾಡಿಸಿ, ಆಮೇಲೆ ಪೂರ್ತಿ ಗಾಳಿ ಹಾಕಿಸಿ.