ಅಪ್‌ಡೇಟ್: ನನ್ನದೇ ಶೈಲಿ ಎಲ್ಲಿದೆ ಅಂತ ಕೇಳಿದ್ದೆನಲ್ಲ

ಮಳೆಗಾಲಕ್ಕೆ ಮೊದಲು ಕೇಳಿದ್ದೆ: ಶಿರಸಿಯಲ್ಲಿ ಭರತನಾಟ್ಯ ಕಲಿಸುತ್ತೇನೆ, ನಾನು ಸಂಯೋಜಿಸಿದ್ದೆಲ್ಲ ಗುರುಗಳ ನಕಲಿನಂತೆ ಕಾಣುತ್ತದೆ, ಏನು ಮಾಡಲಿ? ಜಾಸ್ತಿ ಜನ 'ಯಕ್ಷಗಾನ ಸೇರಿಸಿ' ಅಂದಿರಿ.

ಕಿರೀಟ, ಚಂಡೆ ತಂದು ಅಂಟಿಸಿದರೆ ಅದು ಸುಮ್ನೆ ಅಲಂಕಾರ, ಅಲ್ವಾ? ಅದರ ಬದಲು ಯಕ್ಷಗಾನದ ಆಟಗಳನ್ನೇ ನೋಡುತ್ತಾ ಹೋದೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳದ್ದೂ ನೋಡಿದೆ. ಕಣ್ಣಿಗೆ ಬಿದ್ದದ್ದು ಕುಣಿತವಲ್ಲ, ಕುಣಿತ ನಿಲ್ಲುವ ಹೊತ್ತು. ಭಾಗವತರ ಪದ ಮುಗಿಯುತ್ತದೆ, ವೇಷಧಾರಿ ಮಾತಿಗೆ ನಿಲ್ಲುತ್ತಾರೆ. ಎದೆ ಏರಿಳಿಯುತ್ತಿರುತ್ತದೆ, ಗೆಜ್ಜೆ ಇನ್ನೂ ಸಣ್ಣಗೆ ಅಲುಗುತ್ತಿರುತ್ತದೆ. ನಮ್ಮ ಭರತನಾಟ್ಯದಲ್ಲಿ ಜತಿ, ಅಂದರೆ ಬರೀ ಹೆಜ್ಜೆಗಳ ತುಣುಕು, ಮುಗಿದರೆ ಗೊಂಬೆ ಥರ ನಿಲ್ಲಬೇಕು. ಈಗ ನಾನು ಕಟ್ಟುತ್ತಿರುವ ವರ್ಣದಲ್ಲಿ (ಹೆಜ್ಜೆಯೂ ಅಭಿನಯವೂ ಸೇರಿದ ದೊಡ್ಡ ನೃತ್ಯ) ಆ ಉಸಿರನ್ನು ಮುಚ್ಚಿಡುತ್ತಿಲ್ಲ. ಅಲ್ಲಿಂದಲೇ ಅಭಿನಯ ಶುರು. ತಾಳವೂ ಹಾಗೇ: ಮಿಶ್ರಚಾಪು ತಾಳದ ಏಳು ಅಕ್ಷರ ಬಂದಾಗ, ಚಿಕ್ಕಂದಿನಿಂದ ಕೇಳಿದ ಯಕ್ಷಗಾನದ ತ್ರಿವುಡೆ ತಾಳದ ಏಳು ಕಾಲಿಗೆ ತಾನಾಗಿ ಬರುತ್ತದೆ. ಬರಲಿ ಅಂತ ಬಿಟ್ಟಿದ್ದೇನೆ.

ನಮ್ಮ ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತದ ಹೆಜ್ಜೆ ಎತ್ತಿಕೊಳ್ಳಿ ಅಂತ ಬಂದ ಸಲಹೆ ಮಾತ್ರ ಬೇಡ ಅನಿಸಿತು. ಮನೆಮನೆಗೆ ಹೋಗಿ ಕುಣಿಯುವ ಅವರ ಹಬ್ಬ ಅದು.

ವರ್ಣ ಅರ್ಧ ಆಗಿದೆ. ಚರಣದ ಭಾಗ, ಅಂದರೆ ವರ್ಣದ ಉತ್ತರಾರ್ಧ, ಇನ್ನೂ ಗುರುಗಳದ್ದೇ ಥರ ಇದೆ, ಅದನ್ನು ಹಾಗೇ ಇಟ್ಟುಕೊಳ್ಳುತ್ತೇನೆ.