ಚೋಕ್ ಎಳೆದರೆ ಮಾತ್ರ ಗಾಡಿ ಎಳೆಯುತ್ತೆ, ಯಾಕೆ?

ಪ್ರಶ್ನೆ: ಹಳೇ 100 ಸಿಸಿ ಫೋರ್ ಸ್ಟ್ರೋಕ್ ಬೈಕ್. ಐಡ್ಲಿಂಗ್ ಸರಿಯಿದೆ. 50 ದಾಟಿದರೆ ಮುಗ್ಗರಿಸುತ್ತೆ, ಅರ್ಧ ಚೋಕ್ ಎಳೆದರೆ ಸುಧಾರಿಸುತ್ತೆ. ಪ್ಲಗ್ ತುದಿ ಬಿಳಿಚಿದೆ. ಇನ್‌ಟೇಕ್ ರಬ್ಬರ್ (ಕಾರ್ಬೊರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಕೊಳವೆ) ಸೀಳಿರಬಹುದಾ?

ಉತ್ತರ 1: ಅದು ಸೀಳಿದ್ದರೆ ಮೊದಲು ಐಡ್ಲಿಂಗೇ ಕೆಡುತ್ತಿತ್ತು. ಚೋಕ್ ಎಳೆದರೆ ಗಾಳಿ ಕಡಿಮೆಯಾಗಿ ಪೆಟ್ರೋಲ್ ಪಾಲು ಹೆಚ್ಚುತ್ತೆ; ಅದರಿಂದ ಸುಧಾರಿಸುತ್ತೆ ಅಂದರೆ ಪೆಟ್ರೋಲ್ ಸಾಲುತ್ತಿಲ್ಲ. ಎಂಜಿನ್ ತಣ್ಣಗಾದ ಮೇಲೆ ಕಾರ್ಬೊರೇಟರ್ (ಪೆಟ್ರೋಲ್, ಗಾಳಿ ಬೆರೆಸುವ ಭಾಗ) ಕೆಳಗೆ ಪೆಟ್ರೋಲ್ ನಿಲ್ಲುವ ಬೌಲ್‌ನ ಡ್ರೈನ್ ಸ್ಕ್ರೂ ಸಡಿಲಿಸಿ, ಬಾಟಲಿಗೆ ಬಿಡಿ. ಒಂದು ನಿಮಿಷ ಒಂದೇ ಸಮ ಬರಬೇಕು. ಧಾರೆ ಸಣ್ಣಗಾದರೆ ಟ್ಯಾಂಕ್ ಮುಚ್ಚಳ ತೆಗೆಯಿರಿ. ಮತ್ತೆ ದಪ್ಪವಾದರೆ ಮುಚ್ಚಳದ ಗಾಳಿತೂತು ಕಟ್ಟಿದೆ. ಇಲ್ಲದಿದ್ದರೆ ಪೆಟ್ರೋಲ್ ಕಾಕ್‌ನ (ಟ್ಯಾಂಕ್ ಕೆಳಗಿನ ನಲ್ಲಿ) ಜಾಲರಿ ನೋಡಿ.

ಉತ್ತರ 2: ಧಾರೆ ಚೆನ್ನಾಗಿದ್ದರೆ ಕಾರ್ಬೊರೇಟರ್ ಒಳಗಿನ ಮೇನ್ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ತುಂಡು) ಬಿಚ್ಚಿ. ದಯವಿಟ್ಟು ತಂತಿ ಚುಚ್ಚಬೇಡಿ ಸರ್, ಹಿತ್ತಾಳೆ ಸವೆದು ತೂತು ದೊಡ್ಡದಾದರೆ ಮೈಲೇಜ್ ಹೋಯ್ತು. ಕಾರ್ಬ್ ಕ್ಲೀನರ್ ಹೊಡೆದು ಗಾಳಿ ಊದಿದರೆ ಸಾಕು.