ಅಟ್ಟದ ಮಡಚುವ ಏಣಿಯ ಪಟ್ಟಿ, ಸ್ಪ್ರಿಂಗ್ ಕುರಿತು ಅಕ್ಕನ ಪ್ರಶ್ನೆಗೆ ಉತ್ತರ

ಅಕ್ಕಾ, ನಮಸ್ಕಾರ. ಗುಂಪಿನಲ್ಲಿರುವ ಚಿಕ್ಕಪ್ಪನವರಿಗೂ ಭಾವನವರಿಗೂ ನಮಸ್ಕಾರ. ಅಟ್ಟದ ಮಡಚುವ ಏಣಿಯ ಎಡಗಡೆಯ ಸ್ಪ್ರಿಂಗ್ ದೊಡ್ಡ ಸದ್ದು ಮಾಡಿ ಕಿತ್ತುಬಂದಿದೆಯೆಂದೂ, ಅದೇ ಕಡೆಯಲ್ಲಿ ಏಣಿಯ ಕದವನ್ನು ಮೇಲಿನ ಚೌಕಟ್ಟಿಗೆ ಸೇರಿಸುವ ಕಬ್ಬಿಣದ ಪಟ್ಟಿ ಬೋಲ್ಟಿನ ತೂತಿನ ಬಳಿ ಹರಿದಿದೆಯೆಂದೂ, ಕದ ಈಗ ಓರೆಯಾಗಿ ಮುಚ್ಚಿಕೊಳ್ಳುತ್ತಿದೆಯೆಂದೂ ನೀವು ಫೋಟೋಗಳೊಂದಿಗೆ ತಿಳಿಸಿದ್ದೀರಿ. ಪಟ್ಟಿಗೆ ಬೆಸುಗೆ ಹಾಕಿಸಿದರೆ ಸಾಕೆಂದು ಚಿಕ್ಕಪ್ಪ ಹೇಳಿದ್ದಾರೆ. ಒಂದು ಸ್ಪ್ರಿಂಗ್ ತಂದು ಸಿಕ್ಕಿಸಿದರೆ ಆಯಿತೆಂದು ಭಾವ ಹೇಳಿದ್ದಾರೆ. ಇಬ್ಬರ ಮಾತಿಗೂ ಉತ್ತರ ಕೊಡಬೇಕಾಗಿರುವುದರಿಂದ ಇದನ್ನು ಟೈಪ್ ಮಾಡದೆ ಹೇಳಿಯೇ ಕಳುಹಿಸುತ್ತಿದ್ದೇನೆ. ಕೆಲಸ ಮುಗಿಯುವವರೆಗೆ ದಯವಿಟ್ಟು ಯಾರೂ ಆ ಏಣಿಯನ್ನು ಹತ್ತಬೇಡಿ, ಕದ ಎಳೆಯುವ ಹಗ್ಗವನ್ನು ಮಕ್ಕಳ ಕೈಗೆ ಎಟುಕದಂತೆ ಮೇಲಕ್ಕೆ ಸುತ್ತಿ ಕಟ್ಟಿಡಿ.

ನೀವು ಕಳುಹಿಸಿದ ಫೋಟೋಗಳಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡು ಮಾಡಿದ್ದು ಹರಿದ ಪಟ್ಟಿಯ ಚಿತ್ರವಲ್ಲ, ಏಣಿಯನ್ನು ಪೂರ್ತಿ ಬಿಡಿಸಿ ಪಕ್ಕದಿಂದ ತೆಗೆದಿರುವ ಹಳೆಯ ಚಿತ್ರ. ಅದರಲ್ಲಿ ನಡುವಿನ ಭಾಗವೂ ಕೆಳಗಿನ ಭಾಗವೂ ಸೇರುವ ಕಡೆ ಮರಕ್ಕೂ ಮರಕ್ಕೂ ನಡುವೆ ಬೆರಳು ತೂರುವಷ್ಟು ಸಂದು ಕಾಣುತ್ತಿದೆ. ಏಣಿಯ ಮೂರು ಭಾಗಗಳನ್ನು ಬಿಡಿಸಿದಾಗ ಪಕ್ಕದ ಉದ್ದಮರಗಳ ತುದಿಗಳು ಒಂದಕ್ಕೊಂದು ಒತ್ತಾಗಿ ಕೂರಬೇಕು. ಹತ್ತುವವರ ಭಾರ ಆ ಮರದಿಂದ ಮರಕ್ಕೆ ಇಳಿದು ನೆಲ ಸೇರಬೇಕು. ಅಲ್ಲಿರುವ ಬಿಜಾಗರಿಗಳು ಏಣಿಯನ್ನು ಮಡಚುವುದಕ್ಕಾಗಿ ಇರುವವು, ಭಾರ ಹೊರುವುದಕ್ಕಾಗಿ ಅಲ್ಲ. ಸಂದು ಬಿದ್ದ ಏಣಿಯನ್ನು ಹತ್ತುವುದೆಂದರೆ ಮಡಿಸಿದ ಮೊಣಕಾಲಿನ ಮೇಲೆ ಮೂಟೆ ಹೊರಿಸಿದ ಹಾಗೆ. ಪ್ರತಿ ಹೆಜ್ಜೆಗೂ ಕೀಲು ಬಾಗುತ್ತದೆ, ಬೋಲ್ಟಿನ ತೂತು ಅಗಲವಾಗುತ್ತದೆ, ಮೇಲಿನ ಪಟ್ಟಿ ಜಗ್ಗುತ್ತದೆ.

ಈ ಸಂದು ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ನಿಮ್ಮ ಮಾತಿನಲ್ಲೇ ಇದೆ. ಆ ಕೋಣೆಯ ಹಳೆಯ ನೆಲದ ಮೇಲೆಯೇ ಹೊಸ ಹಾಸು ಹಾಕಿಸಿದ್ದೀರಿ ಎಂದು ನೀವೇ ಹೇಳಿದ್ದೀರಿ. ನೆಲ ಎತ್ತರವಾದರೆ ಏಣಿಯ ಕಾಲು ಅಷ್ಟರಮಟ್ಟಿಗೆ ಉದ್ದವಾದಂತೆಯೇ. ಆಗ ಕಾಲು ನೆಲಕ್ಕೆ ಬೇಗ ತಾಗಿಬಿಡುತ್ತದೆ, ಏಣಿ ಪೂರ್ತಿ ನೇರವಾಗುವುದಿಲ್ಲ, ಮೇಲಿನ ಪಟ್ಟಿಗಳೂ ತಮ್ಮ ಕೊನೆಯವರೆಗೆ ಚಾಚಿಕೊಳ್ಳುವುದಿಲ್ಲ. ಇದಕ್ಕೆ ವಿರುದ್ಧವಾಗಿ, ದಪ್ಪನೆಯ ಹಾಸನ್ನು ಕಿತ್ತು ತೆಗೆದರೆ ಏಣಿ ಗಿಡ್ಡವಾಗಿ, ಕಾಲು ನೆಲಕ್ಕೆ ಸರಿಯಾಗಿ ತಾಗದೆ, ಇಡೀ ಭಾರ ಮೇಲಿನ ಚೌಕಟ್ಟಿನ ಬೋಲ್ಟುಗಳಿಗೆ ಜೋತುಬೀಳುತ್ತದೆ. ಎರಡೂ ಕೆಟ್ಟದ್ದೇ. ಆದ್ದರಿಂದ ಪಟ್ಟಿಯನ್ನಷ್ಟೇ ಬದಲಿಸಿ ಕಾಲಿನ ಅಳತೆಯನ್ನು ಹಾಗೆಯೇ ಬಿಟ್ಟರೆ, ಹೊಸ ಪಟ್ಟಿಯೂ ಅದೇ ತೂತಿನಲ್ಲಿ ಹರಿಯುತ್ತದೆ.

ಈಗ ಬೆಸುಗೆಯ ವಿಷಯ. ಚಿಕ್ಕಪ್ಪಾ, ನಿಮ್ಮ ಸಲಹೆಯನ್ನು ತಳ್ಳಿಹಾಕುವುದು ನನ್ನ ಉದ್ದೇಶವಲ್ಲ. ದಪ್ಪ ಕಬ್ಬಿಣವಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಇದು ತೆಳುವಾದ ಉಕ್ಕಿನ ಪಟ್ಟಿ. ಬೆಸುಗೆಯ ಕಾವಿಗೆ ಅದು ಸೊಟ್ಟಗಾಗುತ್ತದೆ, ಬೆಸುಗೆಯ ಅಂಚಿನಲ್ಲಿ ಲೋಹದ ಗುಣವೇ ಬದಲಾಗುತ್ತದೆ, ತೂತಿನಿಂದ ತೂತಿಗೆ ಇರುವ ಅಂತರ ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಎಡಬಲಗಳು ಒಟ್ಟಿಗೆ ಚಲಿಸುವುದಿಲ್ಲ. ಮೇಲಿನ ಸತುವಿನ ಲೇಪವೂ ಸುಟ್ಟುಹೋಗಿ ಅಲ್ಲಿಂದಲೇ ತುಕ್ಕು ಹಿಡಿಯತೊಡಗುತ್ತದೆ. ಸತು ಸುಡುವಾಗ ಬರುವ ಹೊಗೆಯೂ ಬೆಸುಗೆ ಹಾಕುವವರ ಆರೋಗ್ಯಕ್ಕೆ ಹಾನಿಕರ. ಮನುಷ್ಯರ ಭಾರ ಹೊರುವ ಜಾಗದಲ್ಲಿ ಇಂಥ ತೇಪೆ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ.

ಭಾವನವರ ಮಾತಿಗೆ ಬರುತ್ತೇನೆ. ಸ್ಪ್ರಿಂಗುಗಳು ಯಾವಾಗಲೂ ಜೋಡಿಯಾಗಿ ದುಡಿಯುತ್ತವೆ. ಎಷ್ಟೋ ಸಲ ಹಿಗ್ಗಿ ಕುಗ್ಗಿ ದಣಿದ ಬಲಗಡೆಯ ಸ್ಪ್ರಿಂಗಿನ ಎದುರಿಗೆ ಹೊಚ್ಚಹೊಸದನ್ನು ಹಾಕಿದರೆ ಎರಡರ ಎಳೆತ ಸಮನಾಗಿರುವುದಿಲ್ಲ. ಕದ ಒಂದು ಪಕ್ಕಕ್ಕೆ ಓರೆಯಾಗಿ ಏಳುತ್ತದೆ, ಕದದ ಬಿಜಾಗರಿ ತಿರುಚಿಕೊಳ್ಳುತ್ತದೆ. ಪಟ್ಟಿಗಳದ್ದೂ ಅದೇ ಕಥೆ. ಎಡಗಡೆಯದು ಹರಿದಿದ್ದರೆ, ಅಷ್ಟೇ ಕಾಲ ಅಷ್ಟೇ ಭಾರ ಹೊತ್ತ ಬಲಗಡೆಯ ಪಟ್ಟಿಯ ತೂತೂ ಉದ್ದುದ್ದವಾಗಿರುವ ಸಂಭವವೇ ಹೆಚ್ಚು. ಆದ್ದರಿಂದ ಎರಡು ಸ್ಪ್ರಿಂಗ್, ಎರಡೂ ಕಡೆಯ ಪಟ್ಟಿಗಳು, ಅವುಗಳ ಬೋಲ್ಟು ನಟ್ಟುಗಳು, ಇಷ್ಟನ್ನೂ ಒಟ್ಟಿಗೆ ತರಿಸಿ.

ತರಿಸುವ ಮೊದಲು ಏಣಿಯ ಪಕ್ಕದ ಮರದ ಮೇಲೆ ಅಥವಾ ಚೌಕಟ್ಟಿನ ಒಳಬದಿಯಲ್ಲಿ ಅಂಟಿಸಿರುವ ಚೀಟಿಯನ್ನು ಹುಡುಕಿ. ಅದರಲ್ಲಿ ತಯಾರಕರ ಹೆಸರು, ಮಾದರಿ ಸಂಖ್ಯೆ, ಹೊರಬಹುದಾದ ಭಾರ ಎಲ್ಲವೂ ಇರುತ್ತವೆ. ಅದೇ ಮಾದರಿಯ ಬಿಡಿಭಾಗ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಚೀಟಿ ಅಳಿಸಿಹೋಗಿದ್ದರೆ, ಹರಿಯದೆ ಉಳಿದಿರುವ ಬಲಗಡೆಯ ಪಟ್ಟಿಯ ಮೇಲೆ ರಟ್ಟನ್ನು ಒತ್ತಿಹಿಡಿದು ಅದರ ಆಕಾರವನ್ನೂ ತೂತುಗಳ ಜಾಗವನ್ನೂ ಗುರುತು ಮಾಡಿಕೊಳ್ಳಿ. ತೂತಿನ ನಡುವಿನಿಂದ ತೂತಿನ ನಡುವಿಗೆ ಅಳೆಯಿರಿ, ಅಂಚಿನಿಂದ ಅಲ್ಲ. ಸ್ಪ್ರಿಂಗಿನ ವಿಷಯದಲ್ಲಿ ಹಿಗ್ಗದೆ ಇರುವಾಗಿನ ಉದ್ದ, ಸುರುಳಿಯ ಹೊರ ವ್ಯಾಸ, ತಂತಿಯ ದಪ್ಪ, ಕೊಕ್ಕೆಯ ಆಕಾರ ಈ ನಾಲ್ಕೂ ಬೇಕು. ಕಿತ್ತುಬಂದ ಎಡಗಡೆಯ ಸ್ಪ್ರಿಂಗ್ ಹಿಗ್ಗಿಕೊಂಡಿದ್ದರೆ ಅದರ ಉದ್ದವನ್ನು ನಂಬಬೇಡಿ. ಎಡದ ಪಟ್ಟಿಯೂ ಬಲದ ಪಟ್ಟಿಯೂ ಕನ್ನಡಿಯಲ್ಲಿ ಕಂಡಂತೆ ಒಂದಕ್ಕೊಂದು ತಿರುವುಮುರುವಾಗಿರುತ್ತವೆ. ಒಂದೇ ಕಡೆಯ ಎರಡನ್ನು ತಂದುಬಿಟ್ಟರೆ ಕೂರುವುದಿಲ್ಲ.

ಬೋಲ್ಟಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ಅಂಗಡಿಯಲ್ಲಿ ಕೈಗೆ ಸಿಕ್ಕ ಬೋಲ್ಟನ್ನು ತಂದು ಹಾಕುವುದು ಬಹಳ ಸಾಮಾನ್ಯ. ಪಟ್ಟಿ ತಿರುಗುವ ಜಾಗದಲ್ಲಿ, ತಲೆಯ ಬಳಿ ಮರೆ, ಅಂದರೆ ನಟ್ಟು ಕೂರುವ ಸುರುಳಿ ಗೆರೆ, ಇಲ್ಲದ ನುಣುಪಾದ ಭಾಗವಿರುವ ಬೋಲ್ಟ್ ಬೇಕು. ಪಟ್ಟಿ ಆ ನುಣುಪಿನ ಮೇಲೆ ತಿರುಗಬೇಕು. ಉದ್ದಕ್ಕೂ ಮರೆ ಇರುವ ಬೋಲ್ಟ್ ಹಾಕಿದರೆ ಆ ಮರೆಯೇ ಅರದಂತೆ ತೂತನ್ನು ತಿನ್ನುತ್ತದೆ. ಒಳಗೆ ನೈಲಾನ್ ಬಳೆಯಿರುವ ನಟ್ ಹಾಕಿ, ಅದು ಅಲುಗಾಟಕ್ಕೆ ಸಡಿಲವಾಗುವುದಿಲ್ಲ. ಸಡಿಲಾಟವಿಲ್ಲದಂತೆ ಬಿಗಿ ಮಾಡಿ, ಪಟ್ಟಿ ಸರಾಗವಾಗಿ ತಿರುಗುವಷ್ಟು ಮಾತ್ರ ಬಿಡಿ. ಹಳೆಯ ಜೋಡಣೆ ರಿವೆಟ್ ಆಗಿದ್ದರೆ, ಅದರ ತಲೆಯನ್ನು ಡ್ರಿಲ್ಲಿನಿಂದ ಕೊರೆದು ಹಾರಿಸಿ, ಉಳಿದದ್ದನ್ನು ಹಿಂದಿನಿಂದ ತಟ್ಟಿ ತೆಗೆಯಬೇಕು. ಕೊರೆಯುವಾಗ ಪಟ್ಟಿಯ ತೂತು ದೊಡ್ಡದಾಗದಂತೆ ನೋಡಿಕೊಳ್ಳಬೇಕು. ಮರದ ತೂತು ಸಡಿಲವಾಗಿದ್ದರೆ ಗಟ್ಟಿಮರದ ಗೂಟವನ್ನು ಅಂಟು ಹಚ್ಚಿ ಬಡಿದು, ಪೂರ್ತಿ ಒಣಗಿದ ಮೇಲೆ ಹೊಸ ತೂತು ಕೊರೆಯಬಹುದು. ಉದ್ದಮರವೇ ಸೀಳಿದ್ದರೆ ಈ ಉಪಾಯ ನಡೆಯುವುದಿಲ್ಲ.

ಇನ್ನು ಅಪಾಯದ ಭಾಗ. ಭಾವಾ, ಇದನ್ನು ನೀವೇ ಮಾಡಲು ಹೊರಟಿರುವುದರಿಂದ ಗಮನವಿಟ್ಟು ಕೇಳಿ. ಕದ ಕೆಳಗೆ ಬಂದಾಗ ಸ್ಪ್ರಿಂಗ್ ಅತಿ ಹೆಚ್ಚು ಹಿಗ್ಗಿರುತ್ತದೆ, ಕದ ಮುಚ್ಚಿದಾಗ ಅತಿ ಕಡಿಮೆ ಹಿಗ್ಗಿರುತ್ತದೆ. ಏಣಿ ಬಿಡಿಸಿರುವಾಗ ಎಲ್ಲವೂ ಕೈಗೆಟುಕುವಂತೆ ಕಾಣುವುದರಿಂದ ಆಗಲೇ ಬೋಲ್ಟ್ ಬಿಚ್ಚಬೇಕೆನಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಬಲಗಡೆಯ ಸ್ಪ್ರಿಂಗ್ ಹಿಗ್ಗಿರುವಾಗ ಆ ಕಡೆಯ ಪಟ್ಟಿಯ ಬೋಲ್ಟ್ ತೆಗೆದರೆ ಪಟ್ಟಿ ಚಾವಟಿಯಂತೆ ಬೀಸುತ್ತದೆ. ಕೈ, ಕಣ್ಣು, ಮುಖ ಯಾವುದಕ್ಕೂ ತಾಗಬಹುದು.

ಆದ್ದರಿಂದ ಸ್ಪ್ರಿಂಗ್ ತೆಗೆಯುವ ಕೆಲಸವನ್ನು ಕದ ಮುಚ್ಚಿಕೊಂಡು ಅಟ್ಟದೊಳಗಿನಿಂದಲೇ ಮಾಡಬೇಕು. ಇದಕ್ಕೆ ಇಬ್ಬರು ಬೇಕು, ಒಬ್ಬರಿಂದ ಆಗುವ ಕೆಲಸವಲ್ಲ. ಮುರಿದ ಏಣಿಯ ಪಕ್ಕದಲ್ಲಿ ಬೇರೊಂದು ಗಟ್ಟಿಯಾದ ನಿಲ್ಲುವ ಏಣಿ ಇಟ್ಟುಕೊಂಡು ಒಬ್ಬರು ಮೇಲೆ ಹೋಗಬೇಕು. ಕೆಳಗಿರುವವರು ಕದವನ್ನು ನಿಧಾನವಾಗಿ ಮೇಲೆತ್ತಿ, ನೆಲದಿಂದ ಕದದವರೆಗೆ ಗಟ್ಟಿ ಮರದ ಆಸರೆಗಳನ್ನು ಎರಡು ಕಡೆ ಕೊಟ್ಟು, ಮೇಲಿನವರು ಇಳಿಯುವವರೆಗೆ ಅಲ್ಲಿಂದ ಕದಲಬಾರದು. ಸ್ಪ್ರಿಂಗ್ ಬಿಚ್ಚಿದ ಮೇಲೆ ಕದ, ಏಣಿಗಳ ಭಾರವೆಲ್ಲ ಆ ಆಸರೆಗಳ ಮೇಲೆಯೇ ನಿಂತಿರುತ್ತದೆ. ಮೇಲೆ ಹೋಗುವವರಿಗೆ ದೀಪ, ಫೋನ್, ಕಣ್ಣಿಗೆ ರಕ್ಷಣೆಯ ಕನ್ನಡಕ, ದಪ್ಪ ಕೈಗವಸು ಇರಲಿ. ಹೆಜ್ಜೆಯನ್ನು ತೊಲೆಗಳ ಮೇಲೆ ಅಥವಾ ತೊಲೆಗಳ ಮೇಲೆ ಹಾಸಿದ ಹಲಗೆಯ ಮೇಲೆ ಮಾತ್ರ ಇಡಬೇಕು. ತೊಲೆಗಳ ನಡುವಿನ ತೆಳು ಚಾವಣಿ ಕಾಲಿನ ಭಾರವನ್ನು ತಡೆಯುವುದಿಲ್ಲ. ಕದ ಮುಚ್ಚಿದ್ದರೂ ಸ್ಪ್ರಿಂಗಿನಲ್ಲಿ ಸ್ವಲ್ಪ ಎಳೆತ ಉಳಿದೇ ಇರುತ್ತದೆ. ಕೊಕ್ಕೆಯನ್ನು ಇಕ್ಕಳದಲ್ಲಿ ಭದ್ರವಾಗಿ ಹಿಡಿದು, ಮುಖವನ್ನು ಸ್ಪ್ರಿಂಗಿನ ನೇರಕ್ಕೆ ಇಟ್ಟುಕೊಳ್ಳದೆ, ಮೆಲ್ಲಗೆ ಬಿಡಿಸಬೇಕು. ಯಾವ ಕಾರಣಕ್ಕೂ ಕತ್ತರಿಸಬಾರದು.

ಒಂದು ಪಕ್ಕ ಪೂರ್ತಿ ಮುಗಿಸಿದ ಮೇಲೆಯೇ ಇನ್ನೊಂದನ್ನು ಬಿಚ್ಚಿ. ಆಗ ಯಾವ ವಾಷರ್ ಎಲ್ಲಿತ್ತು, ಪಟ್ಟಿ ಯಾವ ಮುಖವಾಗಿ ಕೂತಿತ್ತು ಎಂಬುದಕ್ಕೆ ಎದುರಿನ ಪಕ್ಕವೇ ಮಾದರಿಯಾಗಿರುತ್ತದೆ. ಕೈಯಲ್ಲಿರುವ ಫೋನಿನಲ್ಲಿ ಬಿಚ್ಚುವ ಮೊದಲು ಒಂದೆರಡು ಚಿತ್ರ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಅಟ್ಟದಲ್ಲಿರುವಾಗಲೇ ಚೌಕಟ್ಟು ತೊಲೆಗಳಿಗೆ ಯಾವುದರಿಂದ ಕೂತಿದೆ ಎಂಬುದನ್ನು ದೀಪ ಹಿಡಿದು ನೋಡಿಬಿಡಿ. ಜಿಪ್ಸಮ್ ಹಲಗೆಗೆ ಬಳಸುವ ಕಪ್ಪನೆಯ ತೆಳು ಸ್ಕ್ರೂಗಳು ಕಂಡರೆ, ಈ ರಿಪೇರಿಯ ಜೊತೆಗೇ ಅವನ್ನೂ ಬದಲಿಸಲೇಬೇಕು. ಅವು ಗಡುಸಾದರೂ ಬಾಗದೆ ಪಟ್ಟನೆ ಮುರಿಯುವ ಜಾತಿಯವು, ಅಡ್ಡ ಭಾರಕ್ಕೆ ತಲೆ ಹಾರುತ್ತದೆ. ತಯಾರಕರು ತಮ್ಮ ಕೈಪಿಡಿಯಲ್ಲಿ ಹೇಳಿರುವ ಅಳತೆಯ ದಪ್ಪ ಮರಸ್ಕ್ರೂ ಅಥವಾ ಮೊಳೆಗಳನ್ನು, ಬಿಜಾಗರಿಯ ಬಳಿಯೂ ಪಟ್ಟಿಯ ಬುಡದ ಬಳಿಯೂ ಇರುವ ತೂತುಗಳ ಮೂಲಕ ತೊಲೆಯೊಳಗೆ ಇಳಿಯುವಂತೆ ಹಾಕಬೇಕು. ಚೌಕಟ್ಟಿಗೂ ತೊಲೆಗೂ ನಡುವೆ ಜಾಗ ಇದ್ದರೆ ಅಲ್ಲಿ ಮರದ ಚಕ್ಕೆ ತುಂಬಿ, ಅದರ ಮೂಲಕವೇ ಬಿಗಿ ಮಾಡಬೇಕು. ಖಾಲಿ ಜಾಗದಲ್ಲಿ ಸ್ಕ್ರೂ ಎಳೆದರೆ ಚೌಕಟ್ಟೇ ಬಾಗುತ್ತದೆ.

ಪಟ್ಟಿ, ಸ್ಪ್ರಿಂಗುಗಳೆಲ್ಲ ಹೊಸದಾದ ಮೇಲೆ ಕಾಲಿನ ಅಳತೆ. ಇದನ್ನು ಮೊದಲೇ ಮಾಡಲು ಬರುವುದಿಲ್ಲ, ಏಕೆಂದರೆ ಹರಿದ ಪಟ್ಟಿಯಿರುವಾಗ ಏಣಿ ತನ್ನ ನಿಜವಾದ ಓರೆಯಲ್ಲಿ ನಿಲ್ಲುವುದಿಲ್ಲ. ಕದವನ್ನು ಪೂರ್ತಿ ಕೆಳಗಿಳಿಸಿ, ಮೇಲಿನ ಎರಡು ಭಾಗಗಳನ್ನು ನೇರ ಮಾಡಿ, ಮೂರನೆಯದನ್ನು ಮಡಚಿಯೇ ಇಟ್ಟು, ನೇರವಾದ ಅಳತೆಪಟ್ಟಿಯೊಂದನ್ನು ಎರಡನೆಯ ಭಾಗದ ಮುಂದಿನ ಅಂಚಿಗೆ ಒತ್ತಿ ಹಿಡಿದು, ಆ ಭಾಗದ ತುದಿಯಿಂದ ನೆಲದವರೆಗೆ ಅಳೆಯಿರಿ. ಹಾಗೆಯೇ ಹಿಂದಿನ ಅಂಚಿನಲ್ಲೂ ಅಳೆಯಿರಿ. ಎರಡೂ ಅಳತೆಗಳನ್ನು ಮೂರನೆಯ ಭಾಗದ ಮರದ ಮೇಲೆ ಗುರುತು ಹಾಕಿ ಗೆರೆ ಎಳೆದರೆ ಕೊಯ್ಯಬೇಕಾದ ಓರೆ ತಾನಾಗಿ ಸಿಗುತ್ತದೆ. ಎಡಗಾಲು, ಬಲಗಾಲುಗಳನ್ನು ಬೇರೆ ಬೇರೆಯಾಗಿಯೇ ಅಳೆಯಿರಿ, ನೆಲ ಎಲ್ಲೆಡೆ ಒಂದೇ ಮಟ್ಟದಲ್ಲಿರುವುದಿಲ್ಲ. ನೆಲ 12 ಮಿಲಿಮೀಟರ್ ಎತ್ತರವಾಗಿದ್ದರೆ, ಓರೆಯಾಗಿ ನಿಲ್ಲುವ ಮರದಲ್ಲಿ ಸುಮಾರು 13 ಮಿಲಿಮೀಟರ್ ತೆಗೆಯಬೇಕಾಗಬಹುದು. ಆದರೂ ಲೆಕ್ಕವನ್ನಷ್ಟೇ ನಂಬಿ ಗರಗಸ ಎತ್ತಬೇಡಿ. ಅಳೆದು ಗುರುತು ಹಾಕಿ, ಗುರುತಿಗಿಂತ ತುಸು ಉದ್ದವಾಗಿಯೇ ಮೊದಲು ಕೊಯ್ದು ನೋಡಿ. ಕೊಯ್ದ ಕಾಲು ಅಂಚಿನಿಂದ ಅಂಚಿಗೆ ನೆಲಕ್ಕೆ ಕೂರಬೇಕು, ಕೀಲುಗಳ ಬಳಿ ಕಾಗದವೂ ತೂರದಂತಿರಬೇಕು.

ಆಮೇಲೆ ಮೊದಲ ಮೆಟ್ಟಿಲಿನ ಮೇಲೆ ನಿಂತು ಅಲುಗಾಡಿಸಿ ನೋಡಿ, ಇಳಿದು ಕೀಲುಗಳನ್ನು ಗಮನಿಸಿ, ಆಮೇಲೆ ಮೇಲಿನದಕ್ಕೆ ಹೋಗಿ. ಮೆಟ್ಟಿಲುಗಳ ಕೆಳಗೆ ಅಡ್ಡಲಾಗಿರುವ ಕಂಬಿಗಳ ನಟ್ಟನ್ನೂ ಇದೇ ಸಮಯದಲ್ಲಿ ಬಿಗಿ ಮಾಡಿಬಿಡಿ. ತಿರುಗುವ ಜಾಗಗಳಿಗೆ ಒಂದೆರಡು ಹನಿ ಎಣ್ಣೆ ಸಾಕು, ಮೆಟ್ಟಿಲಿಗೆ ಮಾತ್ರ ಎಣ್ಣೆಯ ಕೈ ಸೋಕಬಾರದು. ಚೀಟಿಯ ಮೇಲೆ ಬರೆದಿರುವ ಭಾರ ಸಾಮಾನ್ಯವಾಗಿ 113, 136 ಅಥವಾ 170 ಕಿಲೋ ಇರುತ್ತದೆ. ಅದು ಹತ್ತುವ ವ್ಯಕ್ತಿಯ ತೂಕ, ಕೈಯಲ್ಲಿರುವ ಪೆಟ್ಟಿಗೆಯ ತೂಕ ಎರಡೂ ಸೇರಿದ ಲೆಕ್ಕ. ಅಟ್ಟಕ್ಕೆ ಭಾರವಾದ ಟ್ರಂಕನ್ನು ಇಬ್ಬರು ಒಟ್ಟಿಗೆ ಹಿಡಿದು ಹತ್ತುವ ಅಭ್ಯಾಸವನ್ನು ಇಂದಿನಿಂದಲೇ ನಿಲ್ಲಿಸಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಬಿಚ್ಚಿ ನೋಡಿದಾಗ ಉದ್ದಮರ ಸೀಳಿರುವುದೋ, ಚೌಕಟ್ಟಿನ ಮೂಲೆ ಬಿಟ್ಟುಕೊಂಡಿರುವುದೋ, ಬೋಲ್ಟಿನ ಸುತ್ತ ಮರ ಪುಡಿಯಾಗಿರುವುದೋ ಕಂಡರೆ ಬಿಡಿಭಾಗಕ್ಕೆ ಹಣ ಹಾಕದೆ ಇಡೀ ಏಣಿಯನ್ನೇ ಬದಲಿಸಿ. ಹಾಗೆ ಬದಲಿಸುವಾಗ ಚಾವಣಿಯ ತೆರಪಿನ ಉದ್ದಗಲ, ನೆಲದಿಂದ ಚಾವಣಿಯ ಎತ್ತರ, ಬಿಡಿಸುವಾಗ ಏಣಿ ಬೀಸುವ ಜಾಗ ಈ ಮೂರನ್ನೂ ಅಳೆದುಕೊಂಡು ಹೋಗಿ. ಹೊಸ ಏಣಿಗೆ ತೆರಪು ಸಾಲದೆಂದು ಯಾರಾದರೂ ಚಾವಣಿಯ ತೊಲೆಯನ್ನು ಕೊಯ್ಯಲು ಹೊರಟರೆ, ಕಟ್ಟಡದ ಭಾರ ಬಲ್ಲ ಎಂಜಿನಿಯರ್ ಬಂದು ನೋಡುವವರೆಗೆ ಒಪ್ಪಬೇಡಿ. ಅಕ್ಕಾ, ನೀವು ಈಗ ಮಾಡಬೇಕಾದದ್ದು ಆ ಚೀಟಿಯ ಫೋಟೋ ಮತ್ತು ಬಲಗಡೆಯ ಪಟ್ಟಿಯ ಮೇಲೆ ಅಳತೆಪಟ್ಟಿ ಹಿಡಿದು ತೆಗೆದ ಫೋಟೋ, ಇವೆರಡನ್ನು ಗುಂಪಿಗೆ ಹಾಕುವುದು. ಅವು ಬಂದ ಕೂಡಲೇ ಯಾವ ಅಳತೆಯ ಜೋಡಿ ತರಿಸಬೇಕೆಂದು ತಿಳಿಸುತ್ತೇನೆ.